ಅಂಗೈ ಇಟ್ಟ ಮೇಲೆ ಮುಂದಿನ ಪದ್ಯ

ಗುರುವಾರ ಮಧ್ಯಾಹ್ನ ಊಟದ ಪಾತ್ರೆಗಳನ್ನು ಒರೆಸಿಟ್ಟ ಮೇಲೆ ವಿಶಾಲಾಕ್ಷಿ ನಡುಮನೆಯ ದಿವಾನದ ಮೇಲೆ ವ್ಯಾಸಪೀಠ ತಂದಿಡುತ್ತಾರೆ. ಪುಸ್ತಕ ಬಿಚ್ಚಿಡುವ ಮಡಚು ಪೀಠ ಅದು. ತಿಪಟೂರಿನಲ್ಲಿ ಹೆಡ್‌ಮಾಸ್ತರರಾಗಿದ್ದ ತಂದೆ ಕೊಟ್ಟದ್ದು. ಸೀಳಿದ ಒಂದು ಕಾಲಿಗೆ ತಗಡು ಸುತ್ತಿದೆ. ಗಂಡ ಓಂಕಾರಪ್ಪ ಟಿವಿಯ ಸದ್ದು ಕಡಿಮೆ ಮಾಡುತ್ತಾರೆ. ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಕಡೆಗಿರುವ ಕಿಟಕಿಯನ್ನು ಮುಚ್ಚುತ್ತಾರೆ. ಮುಚ್ಚಿದರೂ ಲೋಕಲ್ ರೈಲು ಹೋಗುವಾಗ ಷೋಕೇಸಿನ ಲೋಟಗಳು ಸಣ್ಣಗೆ ಅಲುಗುತ್ತವೆ.

ಅಷ್ಟರಲ್ಲಿ ಸಾಲ್ಟ್ ಲೇಕ್‌ನಿಂದ ವಸುಂಧರಾ ಬರುತ್ತಾರೆ. ಧಾರವಾಡದವರು, ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಇಬ್ಬರೂ ಕಲ್ಕತ್ತೆಯಲ್ಲಿ ಗಮಕ ನಡೆಸುತ್ತಿದ್ದಾರೆ. ವಸುಂಧರಾ ಹಳೆಯ ಕಾವ್ಯದ ಒಂದು ಪದ್ಯವನ್ನು ರಾಗದಲ್ಲಿ ಓದುತ್ತಾರೆ, ನಿಲ್ಲಿಸುತ್ತಾರೆ. ವಿಶಾಲಾಕ್ಷಿ ಅದರ ಅರ್ಥ ಹೇಳುತ್ತಾರೆ. ಹೇಳಿ ಮುಗಿದ ಮೇಲೆ ಬಲ ಅಂಗೈಯನ್ನು ಪೀಠದ ಅಂಚಿಗೆ ಇಡುತ್ತಾರೆ. ಆ ಕೈ ಕಂಡ ಮೇಲೆಯೇ ವಸುಂಧರಾ ಮುಂದಿನ ಪದ್ಯ ಎತ್ತುವುದು. ಈ ಸಂಜ್ಞೆಯನ್ನು ಇಬ್ಬರೂ ಕೂತು ಮಾತಾಡಿ ಗೊತ್ತುಮಾಡಿಕೊಂಡದ್ದಲ್ಲ. ವಿಶಾಲಾಕ್ಷಿಯವರ ಮಾತು ನಡುನಡುವೆ ನಿಂತು ಮತ್ತೆ ಹೊರಡುವಂಥದ್ದು. ಮಾತು ಮುಗಿಯಿತೆಂದು ತಿಳಿದು ವಸುಂಧರಾ ಆರಂಭದ ದಿನಗಳಲ್ಲಿ ಎಷ್ಟೋ ಸಲ ಅಡ್ಡ ಹಾಡಿದ್ದರು. ಕೈ ಇಡುವ ರೂಢಿ ಹಾಗೆ ಬಂದದ್ದು.

ಕನ್ನಡ ಸಂಘದ ಹಾಲ್‌ನಲ್ಲಿ ಮೊದಲೆಲ್ಲ ಕುರ್ಚಿ ಸಾಲದೆ ಜನ ಚಾಪೆಯ ಮೇಲೆ ಕೂರುತ್ತಿದ್ದರು. ಕಳೆದ ವರ್ಷ ಬಂದವರು ಒಂದು ಟ್ಯಾಕ್ಸಿಯಲ್ಲಿ ಹಿಡಿಸುವಷ್ಟು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಮನೆಯ ಕನ್ನಡ ಅರ್ಥವಾಗುತ್ತದೆ, ಪದ್ಯದ್ದು ಆಗುವುದಿಲ್ಲ. ಪ್ರಾದೇಶಿಕ ಕಲಾ ಪರಿಷತ್ತಿನ ನೆರವಿಗೆ ಅರ್ಜಿ ಹಾಕೋಣ ಎಂದು ಮೊದಲು ಹೇಳಿದವರು ವಿಶಾಲಾಕ್ಷಿಯವರೇ.

ಪರಿಷತ್ತಿನ ಕಚೇರಿ ಸಾಲ್ಟ್ ಲೇಕ್‌ನ ಸರ್ಕಾರಿ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿದೆ. ಅಲ್ಲಿ ಕಲಾವಿದರಿಗೆ ಸಿಗುವ ಬೆಂಬಲ ಹಲವು ಬಗೆಯದು. ವಯಸ್ಸಾದವರಿಗೆ ಮಾಸಾಶನ, ಗುರು ಮತ್ತು ಶಿಷ್ಯರಿಗೆ ವರ್ಷದ ಸಂಭಾವನೆ, ತಂಡಗಳಿಗೆ ಪ್ರವಾಸದ ವೆಚ್ಚ. ಕಾರ್ಯಕ್ರಮಕ್ಕೆ ಪರಿಷತ್ತಿನದೇ ರಂಗಮಂದಿರ, ಧ್ವನಿ, ಬೆಳಕು. ಅರ್ಧ ಹಣ ಮೊದಲು, ಉಳಿದದ್ದು ಕಾರ್ಯಕ್ರಮದ ಫೋಟೋ ಮತ್ತು ವರದಿ ತಲುಪಿದ ಮೇಲೆ. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವುದು ತಜ್ಞರ ಸಮಿತಿ. ಅದಕ್ಕೆ ಮುಂಚೆ ಅರ್ಜಿ ತನ್ಮಯ್ ಕುಂಡು ಎಂಬ ಕಾರ್ಯಕ್ರಮಾಧಿಕಾರಿಯ ಮೇಜಿಗೆ ಬರುತ್ತದೆ.

ಕುಂಡು ಇಬ್ಬರಿಗೂ ಕುರ್ಚಿ ಹಾಕಿಸಿ, ಚಹಾ ತರಿಸಿ, ವಿಶಾಲಾಕ್ಷಿಯವರನ್ನು ಬಂಗಾಳಿಗಳ ರೂಢಿಯಂತೆ ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತ ಹಿಂದಿಯಲ್ಲಿ ವಿವರಿಸಿದರು.

“ಮಾಶಿಮಾ, ಒಬ್ಬರಾದರೆ ಏಕವ್ಯಕ್ತಿ ಯೋಜನೆ. ಐದು ಜನ ಅಥವಾ ಹೆಚ್ಚಿದ್ದರೆ ತಂಡ. ನೀವು ಇಬ್ಬರು.”

“ಗಮಕ ಅಂದರೇ ಇಬ್ಬರು,” ಎಂದರು ವಿಶಾಲಾಕ್ಷಿ.

“ಅದು ಸರಿ. ಇನ್ನೂ ಮೂವರನ್ನು ಸೇರಿಸಿಕೊಳ್ಳಬಹುದಲ್ಲ? ನಿಮ್ಮ ಯಜಮಾನರು ಏನಾದರೂ ಬಾರಿಸ್ತಾರಾ?”

“ಕಾಲಿಂಗ್ ಬೆಲ್ ಬಾರಿಸ್ತಾರೆ. ಕೀಲಿಕೈ ಮರೆತು ಹೋದ ದಿನ.”

ಕುಂಡು ನಕ್ಕರು. ಆಮೇಲೆ ಇನ್ನೊಂದು ದಾರಿ ತೋರಿಸಿದರು. ಏಕವ್ಯಕ್ತಿ ಯೋಜನೆಯಲ್ಲಿ ಹಾಡುವವರ ಜೊತೆ ಪಕ್ಕವಾದ್ಯದವರಿಗೆ ಅವಕಾಶವಿದೆ. ವಿಶಾಲಾಕ್ಷಿಯವರ ಹೆಸರನ್ನು ಅಲ್ಲಿ ಹಾಕಬಹುದು. ಯಾವ ವಾದ್ಯ ಎಂಬ ಕಡೆ ವಿಶಾಲಾಕ್ಷಿ “ವ್ಯಾಖ್ಯಾನ” ಎಂದು ಬರೆಸಿದರು. ಅದು ಇಂಗ್ಲಿಷಿನಲ್ಲಿ ಕಾಮೆಂಟರಿ ಎಂದಾಯಿತು. ಕ್ರಿಕೆಟ್ಟಿಗೆ ಹೇಳುತ್ತಾರಲ್ಲ ಆ ಮಾತು ಎಂದು ವಸುಂಧರಾ ತಮಾಷೆ ಮಾಡಿದರು. ಆಗ ಅದು ತಮಾಷೆಯಾಗಿಯೇ ಇತ್ತು.

ಸಮಿತಿಯ ಮುಂದೆ ಹಾಡಿ ತೋರಿಸುವ ದಿನ ವಿಶಾಲಾಕ್ಷಿ ಇಳಕಲ್ ಸೀರೆ ಉಟ್ಟಿದ್ದರು, ವಸುಂಧರಾ ಕಳೆದ ದೀಪಾವಳಿಗೆ ಕೊಟ್ಟದ್ದು. ವ್ಯಾಸಪೀಠವನ್ನು ಟವೆಲ್ಲಿನಲ್ಲಿ ಸುತ್ತಿ ಟ್ಯಾಕ್ಸಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದರು. ಏಸಿ ಜೋರಾಗಿದ್ದ ಕೋಣೆ. ಎದುರಿಗೆ ಮೂವರು ತಜ್ಞರು. ಯಾರಿಗೂ ಕನ್ನಡ ಬಾರದು. ಅದೇನು ಹೊಸದಲ್ಲ ಎಂದು ಕುಂಡು ಮೊದಲೇ ಹೇಳಿದ್ದರು. ಆ ಕೋಣೆಯಲ್ಲಿ ಸಂತಾಲಿ, ಮಣಿಪುರಿ ಹಾಡುಗಳನ್ನೂ ಹಾಗೆಯೇ ಕೇಳುತ್ತಾರೆ.

ನದಿಯ ದಡಕ್ಕೆ ಬಂದ ರಾಜನೊಬ್ಬ ದೋಣಿಗೆ ಕಾಯುವ ಭಾಗವನ್ನು ಆರಿಸಿಕೊಂಡಿದ್ದರು. ವಸುಂಧರಾ ಮೊದಲ ಪದ್ಯ ಹಾಡಿ ನಿಲ್ಲಿಸಿದರು. ವಿಶಾಲಾಕ್ಷಿ ಬಾಯಿ ತೆರೆದು ಎರಡು ಮಾತು ಆಡಿರಬೇಕು. ನಡುವೆ ಕುಳಿತಿದ್ದ ಹಿರಿಯರು ಮೆಲ್ಲಗೆ ಕೈ ಎತ್ತಿದರು. ಸಿಟ್ಟೇನೂ ಇರಲಿಲ್ಲ.

“ದೀದಿ, ನಿರೂಪಣೆ ಆಮೇಲೆ ನೋಡೋಣ. ಅದಕ್ಕೆ ನಮ್ಮಲ್ಲೇ ಜನ ಇದ್ದಾರೆ. ಹಾಡು ನಡೆಯಲಿ.”

ವಸುಂಧರಾ ಹಾಡಲಿಲ್ಲ. ಎಡಕ್ಕೆ ತಿರುಗಿ ಪೀಠದ ಅಂಚನ್ನು ನೋಡುತ್ತ ಕುಳಿತರು. ತಜ್ಞರು ಕಾದರು. ಬಾಗಿಲ ಬಳಿ ನಿಂತಿದ್ದ ಕುಂಡು ಗಡಿಯಾರ ನೋಡಿದರು. ಆಗ ವಿಶಾಲಾಕ್ಷಿ ಅಂಗೈಯನ್ನು ಪೀಠದ ಮೇಲೆ ಇಟ್ಟರು.

ವಸುಂಧರಾ ಎರಡನೆಯ ಪದ್ಯ ಎತ್ತಿಕೊಂಡರು. ಅದು ಮುಗಿದಾಗ ಮತ್ತೆ ಕೈ. ಮೂರನೆಯದಕ್ಕೂ ಹಾಗೆಯೇ. ಕಡೆಗೆ ತಜ್ಞರಲ್ಲಿ ಒಬ್ಬರು ರಾಗದ ಬಗ್ಗೆ ಒಳ್ಳೆಯ ಪ್ರಶ್ನೆ ಕೇಳಿದರು, ವಸುಂಧರಾ ಉತ್ತರಿಸಿದರು. ವಿಶಾಲಾಕ್ಷಿಯವರನ್ನು ಯಾರೂ ಏನೂ ಕೇಳಲಿಲ್ಲ. ಮನೆಗೆ ಬಂದು ಅವರು ಸೀರೆ ಬದಲಿಸಿ ಅನ್ನಕ್ಕಿಟ್ಟರು.

ಮಂಜೂರಾತಿ ವಸುಂಧರಾ ಒಬ್ಬರ ಹೆಸರಿಗೆ ಬಂತು. ಪಕ್ಕವಾದ್ಯ ಇಲ್ಲ, ನಿರೂಪಕಿಯನ್ನು ಪರಿಷತ್ತು ಒದಗಿಸುತ್ತದೆ. ಕುಂಡು ತಾವಾಗಿಯೇ ವಿಶಾಲಾಕ್ಷಿಯವರಿಗೆ ಫೋನ್ ಮಾಡಿದರು. ಅವರ ದನಿಯಲ್ಲಿ ಸಂಕೋಚವಿತ್ತು.

“ಮಾಶಿಮಾ, ನೀವು ಅರ್ಥವನ್ನು ಬಾಂಗ್ಲಾ ಭಾಷೆಯಲ್ಲಿ ಹೇಳಿದರೆ ಸಮಿತಿಗೆ ಇನ್ನೊಮ್ಮೆ ಬರೆಯಬಹುದು. ಪ್ರೇಕ್ಷಕರಿಗೂ ತಿಳಿಯುತ್ತೆ. ಯೋಚನೆ ಮಾಡಿ.”

ವಿಶಾಲಾಕ್ಷಿ ಯೋಚನೆ ಮಾಡಿದರು. ಒಂದಿಡೀ ವಾರ ಪ್ರಯತ್ನವನ್ನೂ ಮಾಡಿದರು. ಕೆಲಸಕ್ಕೆ ಬರುವ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು ರಾಜನ ಕಥೆ ಹೇಳಿದರು. ಆಕೆ ಕೊನೆಯವರೆಗೂ ಕೇಳಿ, ರಾಜ ಯಾಕೆ ಸೇತುವೆಯ ಮೇಲಿಂದ ಹೋಗಲಿಲ್ಲ ಎಂದಳು. ಅದು ನ್ಯಾಯವಾದ ಪ್ರಶ್ನೆಯೇ. ಉತ್ತರ ಪದ್ಯದ ಒಂದು ಮಾತಿನೊಳಗಿತ್ತು, ಆ ಮಾತಿಗೆ ವಿಶಾಲಾಕ್ಷಿಯವರ ಬಳಿ ಬಾಂಗ್ಲಾ ಇರಲಿಲ್ಲ. ಅವರದು ಲೇಕ್ ಮಾರ್ಕೆಟ್ಟಿನಲ್ಲಿ ಕಲಿತ ಭಾಷೆ.

“ನಾನು ಹೇಳಿದರೆ ರಾಜ ಬದನೆಕಾಯಿ ಕೊಳ್ಳೋಕೆ ಬಂದು ಚೌಕಾಸಿ ಮಾಡಿದ ಹಾಗಿರುತ್ತೆ,” ಎಂದರು ಗಂಡನಿಗೆ.

“ರಾಜನೂ ತಿನ್ನಬೇಕಲ್ಲ,” ಎಂದರು ಓಂಕಾರಪ್ಪ.

ವಿಶಾಲಾಕ್ಷಿ ನಗಲಿಲ್ಲ. ಮುನಿಸಿಕೊಳ್ಳಲೂ ಇಲ್ಲ.

ಗುರುವಾರ ವಸುಂಧರಾ ಬಂದವರು ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ಹೇಳಿದರು. “ವಿಶಾಲಕ್ಕ, ಇದು ನಮಗ ಬ್ಯಾಡ. ನಾಳೆ ಹೋಗಿ ಬ್ಯಾಡಂತ ಹೇಳಿ ಬರೂಣು.”

“ಯಾಕೆ?”

“ಯಾಕಂತ ಕೇಳ್ತೀಯಲ್ಲ. ನಾ ಒಬ್ಬಾಕೀನ ಅಲ್ಲೆ ಕೂತು ಒದರಿ ಬರಲೇನು? ಅರ್ಥ ಯಾರ ಹೇಳ್ತಾರ?”

“ಅಲ್ಲಿ ಅರ್ಥ ಯಾರಿಗೆ ಬೇಕು ಕಣೆ. ಅವರು ದನಿ ಕೇಳೋಕೆ ಬರ್ತಾರೆ. ಆರುನೂರು ಜನ ಕೂರೋ ಹಾಲು. ಸಂಘದಲ್ಲಿ ಯಾರಿಗೆ ಹಾಡ್ತೀಯ, ಕುರ್ಚಿಗಳಿಗಾ? ನೀನು ಹಾಡು.”

“ಮತ್ತ ನೀ?”

“ನಾನು ಮುಂದೆ ಕೂತ್ಕೋತೀನಿ.”

ವಸುಂಧರಾ ಬಹಳ ಹೊತ್ತು ವಾದಿಸಿದರು. ವಿಶಾಲಾಕ್ಷಿ ಪ್ರತಿ ಸಲವೂ ಅದೇ ಮಾತು ಹೇಳಿದರು. ತರಕಾರಿಯವನಿಗೆ ಇವತ್ತು ಏನೂ ಬೇಡ ಎನ್ನುವಾಗ ಬರುವ ದನಿ. ಕೊನೆಗೆ ವಸುಂಧರಾ ಒಪ್ಪಿಕೊಂಡರು.

ಕಾರ್ಯಕ್ರಮ ನಡೆದದ್ದು ಜನವರಿಯಲ್ಲಿ. ರಂಗಮಂದಿರ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಶಾಲು ಹೊದ್ದ ಬಂಗಾಳಿ ದಂಪತಿಗಳು, ಸೆಕ್ಟರ್ ಫೈವ್‌ನ ಆಫೀಸುಗಳಿಂದ ಬ್ಯಾಗು ಹೊತ್ತು ನೇರವಾಗಿ ಬಂದ ಹುಡುಗ ಹುಡುಗಿಯರು. ನಿರೂಪಕಿ ಬಾಂಗ್ಲಾದಲ್ಲಿ, ಇಂಗ್ಲಿಷಿನಲ್ಲಿ ಒಂದೊಂದು ಪ್ಯಾರಾ ಓದಿದರು: ಗಮಕ ದಕ್ಷಿಣದ ಪುರಾತನ ಏಕವ್ಯಕ್ತಿ ಗಾಯನ. ಓಂಕಾರಪ್ಪ ಹೆಂಡತಿಯ ಕಡೆ ನೋಡಿದರು. ವಿಶಾಲಾಕ್ಷಿ ವೇದಿಕೆಯನ್ನು ನೋಡುತ್ತಿದ್ದರು. ಅಲ್ಲಿ ಅವರದೇ ವ್ಯಾಸಪೀಠವಿತ್ತು. ಬೆಳಕಿನಲ್ಲಿ ತಗಡಿನ ಕಾಲು ಹೊಳೆಯುತ್ತಿತ್ತು.

ವಸುಂಧರಾ ಮೊದಲ ಪದ್ಯ ಹಾಡಿ ನಿಲ್ಲಿಸಿದರು. ತಲೆ ಎಡಕ್ಕೆ ತಿರುಗಿತು. ಅಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದರೂ ಕುತ್ತಿಗೆ ತನ್ನ ಅಭ್ಯಾಸ ಬಿಡಲಿಲ್ಲ. ಯಾರೋ ಕೆಮ್ಮಿದರು. ಹಾಡು ಬರಲಿಲ್ಲ. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಕುಂಡು ಪರದೆಯ ಅಂಚು ಹಿಡಿದುಕೊಂಡರು.

ಮೂರನೆಯ ಸಾಲಿನಲ್ಲಿ ಕುಳಿತಿದ್ದ ವಿಶಾಲಾಕ್ಷಿ ಕೈ ಎತ್ತಿ ಮುಂದಿನ ಸೀಟಿನ ಬೆನ್ನಿನ ಮೇಲೆ ಅಂಗೈ ಇಟ್ಟರು. ವಸುಂಧರಾ ನೋಡಿದರು. ಎರಡನೆಯ ಪದ್ಯ ಹಾಡಿದರು.

ಕೊನೆಯವರೆಗೂ ಹೀಗೆಯೇ ನಡೆಯಿತು. ಪದ್ಯ, ಮೌನ, ಕೈ, ಪದ್ಯ. ಮೌನ ಒಂದು ಕಡೆ ಚಿಕ್ಕದಿತ್ತು, ಇನ್ನೊಂದು ಕಡೆ ಸಭಿಕರು ಮಿಸುಕಾಡುವಷ್ಟು ದೊಡ್ಡದಿತ್ತು. ಮುಂದಿನ ಸೀಟಿನ ಹೆಂಗಸು ಎರಡು ಸಲ ಹಿಂದೆ ತಿರುಗಿ ನೋಡಿ, ಆಮೇಲೆ ಬಿಟ್ಟರು. ಮುಗಿದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಮಿತಿಯ ಹಿರಿಯರು ವೇದಿಕೆಗೆ ಬಂದು, ಪದ್ಯಗಳ ನಡುವಿನ ಆ ಮೌನ ತಮಗೆ ಬಹಳ ಹಿಡಿಸಿತು ಎಂದರು. ವಸುಂಧರಾ ಕೈ ಮುಗಿದರು.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಓಂಕಾರಪ್ಪ ಕೇಳಿದರು. “ಅರ್ಥ ಮನಸ್ಸಲ್ಲೇ ಹೇಳ್ಕೋತಿದ್ದೆಯಾ?”

“ಹೇಳ್ಕೊಳ್ಳೋಣ ಅಂತಾನೇ ಕೂತಿದ್ದೆ. ಏನೂ ಬರಲಿಲ್ಲ.”

“ಒಂದೂ?”

“ಒಂದೂ. ಸಾಕಷ್ಟು ಹೊತ್ತಾಯ್ತು ಅನ್ನಿಸಿದಾಗ ಕೈ ಇಡ್ತಿದ್ದೆ.”

ಮುಂದಿನ ವಾರ ಕುಂಡು ವಿಶಾಲಾಕ್ಷಿಯವರಿಗೆ ಫೋನ್ ಮಾಡಿದರು. ಬರುವ ವರ್ಷ ಪರಿಷತ್ತಿಗೆ ಸೇರಿದ ಬೇರೆ ರಾಜ್ಯಗಳಲ್ಲಿಯೂ ವಸುಂಧರಾ ಅವರ ಕಾರ್ಯಕ್ರಮ ಇಡಿಸುವ ಯೋಚನೆ ಇದೆ. ಮೌನ ಹಾಗೆಯೇ ಇರಲಿ ಎಂದು ಸಮಿತಿ ಹೇಳಿದೆ. ಇಬ್ಬರು ಸೇರಿ ಮಾಡುವ ಕಲೆಗಳಿಗೆ ಬೇರೆ ಯೋಜನೆ ಬೇಕೆಂದು ತಾವು ಮೇಲಕ್ಕೆ ಬರೆದಿರುವುದಾಗಿಯೂ ಹೇಳಿದರು. ಅದು ಯಾವಾಗ ಆಗುತ್ತದೆಂದು ಹೇಳಲಿಲ್ಲ. ವಿಶಾಲಾಕ್ಷಿ ಕೇಳಲೂ ಇಲ್ಲ.

ಗುರುವಾರ ಪಾತ್ರೆ ಒರೆಸಿಟ್ಟು ಪೀಠ ತಂದಿಟ್ಟರು. ವಸುಂಧರಾ ಬಂದು ಅದೇ ರಾಜನ ಭಾಗ ತೆರೆದು ಮೊದಲ ಪದ್ಯ ಹಾಡಿದರು. ನಿಲ್ಲಿಸಿದರು. ವಿಶಾಲಾಕ್ಷಿ ಏನೂ ಮಾತಾಡದೆ ಅಂಗೈಯನ್ನು ಪೀಠದ ಅಂಚಿಗೆ ಇಟ್ಟರು.

ವಸುಂಧರಾ ಹಾಡಲಿಲ್ಲ.

“ಕೈ ಇಟ್ಟೆನಲ್ಲ.”

“ಇಟ್ಟೀ. ನೋಡೀನಿ.”

ರೈಲು ಹೋಯಿತು, ಲೋಟಗಳು ಅಲುಗಿ ಸುಮ್ಮನಾದವು. ಓಂಕಾರಪ್ಪ ಚಹಾ ತಂದಿಟ್ಟು ಟಿವಿಯ ಮುಂದೆ ಹೋಗಿ ಕುಳಿತರು. ಚಹಾದ ಮೇಲೆ ಕೆನೆ ಕಟ್ಟಿತು. ಇನ್ನೊಂದು ರೈಲು ಹೋಯಿತು. ವಸುಂಧರಾ ಪುಸ್ತಕ ಮುಚ್ಚಲಿಲ್ಲ, ಮೇಲೇಳಲಿಲ್ಲ. ಬಸ್ಸಿಗೆ ಹೊತ್ತಾಗುತ್ತದೆ ಎಂದು ವಿಶಾಲಾಕ್ಷಿ ನೆನಪಿಸಿದರು. ಆಗಲಿ ಎಂದರು ವಸುಂಧರಾ.

ವಿಶಾಲಾಕ್ಷಿ ಪೀಠದ ಮೇಲಿದ್ದ ಕೈಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಮೊದಲಾಗಿದ್ದರೆ ಈ ಒಂದು ಪದ್ಯಕ್ಕೆ ನದಿ, ಕತ್ತಲು, ಹಿಂದೆ ಉಳಿದ ಪಡೆ, ರಾಜನ ಒದ್ದೆ ಕಾಲು ಎಲ್ಲವನ್ನೂ ತಂದು ಗೋಧೂಳಿಯವರೆಗೆ ಹೇಳುತ್ತಿದ್ದರು.

“ರಾಜ ಬಂದ,” ಎಂದರು. ಸ್ವಲ್ಪ ತಡೆದು, “ದೋಣಿ ಇರಲಿಲ್ಲ.”

ಮತ್ತೆ ಕೈ ಇಟ್ಟರು. ವಸುಂಧರಾ ಮುಂದಿನ ಪದ್ಯ ಎತ್ತಿಕೊಂಡರು.