ನೆನೆಹಾಕಿದ ಅವರೆ

ನಮ್ಮ ಹೊಲ ಬಡಾವಣೆಗೆ ಹೋದ ಮೇಲೆ ವಿಜಯನಗರದ ಎರಡು ಕೋಣೆಯ ಮನೆಗೆ ತಾತ ತಂದದ್ದು ಒಂದು ಸಣ್ಣ ಗಂಟು ಅವರೆ ಬೀಜ. ಆ ಹೊಲದ ಕೊನೆಯ ಬೆಳೆಯದು. ಇನ್ನೊಂದು ವರ್ಷ ಇಟ್ಟರೆ ಹುಟ್ಟುವುದಿಲ್ಲವೆಂದು, ಆಷಾಢ ಬಂದದ್ದೇ ಒಂದನ್ನೂ ಉಳಿಸದೆ ಹಿತ್ತಲಲ್ಲಿ ಊರಲು ಹೊರಟ.

ಸಂಜೆ ಬೋಗುಣಿಯಲ್ಲಿ ನೆನೆಹಾಕಿದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯನ್ನು ಬಿಡದ ನಾನು ತಾತನನ್ನು ಬಿಡುವೆನೆ?

"ಮಳೆ ಬಂದ್ರೆ ಮಣ್ಣಲ್ಲೇ ನೆನೆಯುತ್ತಲ್ಲ ತಾತ. ನೆನೆಸದೇ ಇರೋದನ್ನ ಪಕ್ಕದಲ್ಲಿ ಊರಿ ನೋಡಿದೀಯಾ? ಸಾಕ್ಷಿ ಏನು?"

"ನಾನು ಬೆಳೆದದ್ದು ತಿಂದ ನಿನ್ನ ಹೊಟ್ಟೇನೇ ಸಾಕ್ಷಿ ಕಣೋ ಲಾಯ್ರೇ. ನೆನೆದದ್ದು ಬೇಗ ಮೊಳೀತದೆ. ಇರುವೆ, ಹಕ್ಕಿ ಹುಡುಕ್ಕೊಂಡು ಬರೋ ಹೊತ್ತಿಗೆ ಬೇರು ಬಿಟ್ಟಿರ್ತದೆ. ಗಿಡ ಮುಂದಾದ್ರೆ ಕಾಯೂ ಜಾಸ್ತಿ."

ಒಬ್ಬನ ಅನುಭವ ಪುರಾವೆಯಲ್ಲ ಎಂದೆ. ತಾತ ನಕ್ಕು, ತೇಲಿದ ಜೊಳ್ಳು ಎಸೆದು, ಇಲಿಗೆ ಹೆದರಿ ಬೋಗುಣಿಯನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ತಟ್ಟೆ ಮುಚ್ಚಿದ.

ಬೆಳಗ್ಗೆ ಅವನು ಹಿತ್ತಲಲ್ಲಿ ಪಾತಿ ಮಾಡುತ್ತಿದ್ದಾಗ ಅಜ್ಜಿ ಆ ತಟ್ಟೆ ತೆಗೆದಳು. ನಮ್ಮವರ ಅಡುಗೆಮನೆಯಲ್ಲಿ ಅವರೆ ನೆನೆದಿದೆಯೆಂದರೆ ಹಿತುಕಿದ ಬೇಳೆ ಸಾರು. ಅಮ್ಮನನ್ನೂ ಕೇಳುವ ಮಾತೇ ಇಲ್ಲ. ಕಾಲು ಚಾಚಿ ಕೂತು ಒಂದೊಂದನ್ನೂ ಹಿತುಕಿದಳು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ನಾನು ಎದ್ದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬೀಜಕ್ಕೆಂದು ಬಂದ ತಾತ ಬಾಗಿಲಲ್ಲೇ ನಿಂತ. "ಏನೇ ಇದು?"

"ಸೊಸೆ ನೆನೆಹಾಕವ್ಳೆ ಅಂದ್ಕೊಂಡು..." ಅಜ್ಜಿ ಚಾಚಿದ ಕಾಲು ಮಡಚಿಕೊಂಡಳು.

ನಾನು ನುಗ್ಗಿದೆ. "ಸಿಪ್ಪೆ ಬರೀ ಹೊದಿಕೆ ತಾತ, ಜೀವ ಒಳಗಡೆ ಇರೋದು. ಹಂಗೇ ಊರೋಣ." ಈಗ ನನಗೆ ಯಾವ ಸಾಕ್ಷಿಯೂ ಬೇಕಿರಲಿಲ್ಲ.

ತಾತ ಒಂದನ್ನು ಎತ್ತಿಕೊಂಡ. ಅದು ಬೆರಳಲ್ಲೇ ಎರಡು ಹೋಳಾಯಿತು. "ಬಟ್ಟೆ ಇಲ್ಲದ ಹಸುಗೂಸನ್ನ ಕೆಸರಲ್ಲಿ ಮಲಗಿಸ್ತಾರೇನೋ ಮಗಾ?"

"ಬೈದುಬಿಡಿ" ಎಂದಳು ಅಜ್ಜಿ. ತಾತ ಬೈಯಲಿಲ್ಲ. ಅದನ್ನೇ ಅವಳಿಗೆ ತಾಳಲಾಗಲಿಲ್ಲ. "ಅಷ್ಟು ವರ್ಷ ಬಿತ್ತಿದ ಕೈ ನಂದು. ನಮ್ಮ ಹೊಲದ್ದು ಅಂತ ಬೆರಳಿಗಾದ್ರೂ ಗೊತ್ತಾಗ್ಬಾರ್ದಿತ್ತಾ?"

ಅಂಗಡಿಯಿಂದ ಬೇರೆ ಬೀಜ ತರುತ್ತೇನೆ ಎಂದೆ. ತಾತ ಗುದ್ದಲಿ ತೊಳೆದು ಮೂಲೆಗಿಟ್ಟ.

ಎಸೆಯಲು ಮನಸ್ಸಾಗದೆ ಮಧ್ಯಾಹ್ನ ಸಾರೇ ಆಯಿತು. ತಾತ ಮುದ್ದೆ ಅದ್ದಿಕೊಂಡು ಉಂಡ. "ಚೆನ್ನಾಗದೆ, ಹಾಕು" ಎಂದು ಮತ್ತೆ ಮತ್ತೆ ಹಾಕಿಸಿಕೊಂಡ, ಪಾತ್ರೆ ತಳ ಕಾಣುವವರೆಗೆ. ಅಜ್ಜಿ ಬಡಿಸಿದಳು. ತನಗೆ ತಟ್ಟೆ ಇಟ್ಟುಕೊಳ್ಳಲಿಲ್ಲ.