ಪೆಟ್ಟಿಗೆಯಕ್ಕನ ಮುಚ್ಚಿದ ಬಾಗಿಲು

ಐಸ್ ಪ್ಯಾಕೊಂದನ್ನು ಕಿವಿಯ ಹತ್ತಿರ ಹಿಡಿದು ಅವರು ಅಲುಗಾಡಿಸುತ್ತಾರೆ. ಸದ್ದಿಲ್ಲ. ಅದನ್ನು ಮತ್ತೆ ಬೆಂಚಿನ ಮೇಲೆ ಮಲಗಿಸಿ ಪಕ್ಕದ್ದನ್ನು ಎತ್ತಿಕೊಳ್ಳುತ್ತಾರೆ. ಅದರೊಳಗೆ ನೀರು ತುಸುವೇ ಕುಲುಕಿದ್ದು ನನಗೂ ಕೇಳಿಸುತ್ತದೆ.

"ಇದು ಬಾಯಿ ಬಿಡ್ತು. ಅದಿನ್ನೂ ಬಿಗುಮಾನದಲ್ಲಿದೆ," ಎನ್ನುತ್ತಾರೆ.

ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಆರೋಗ್ಯ ಕೇಂದ್ರದ ಹಿಂಬದಿಯ ಈ ಕೋಣೆಯಲ್ಲಿ ಇರುವುದು ಒಂದು ಫ್ರೀಜರು, ಒಂದು ಫ್ರಿಜ್ಜು, ಒಂದು ಕಾಲು ಗಿಡ್ಡವಾದ ಮರದ ಬೆಂಚು ಮತ್ತು ಪೊರಕೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕುಗಳನ್ನು ನೇರವಾಗಿ ಲಸಿಕೆಯ ಪೆಟ್ಟಿಗೆಗೆ ಇಡುವಂತಿಲ್ಲ. ಅವು ಬೆಂಚಿನ ಮೇಲೆ ಮಲಗಿ, ಮೈಯೆಲ್ಲ ಬೆವರಿ, ಒಳಗೆ ನೀರು ಅಲುಗುವ ತನಕ ಕಾಯಬೇಕು. ಅವಸರ ಮಾಡಿದರೆ ಆ ಥಂಡಿಗೆ ಲಸಿಕೆಯೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು, ಎಸೆಯಬೇಕು.

ಬೀದಿಯ ಜನ ಇವರನ್ನು ಕರೆಯುವುದು ಪೆಟ್ಟಿಗೆಯಕ್ಕ ಎಂದು. ಐವತ್ತು ದಾಟಿದೆ. ಮೊದಲು ಗಾಜಿನ ಬಾಟಲಿ ತೊಳೆಯುವ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದ ಮೇಲೆ ಗುತ್ತಿಗೆಯ ಲೆಕ್ಕದಲ್ಲಿ ಇಲ್ಲಿಗೆ ಕಸ ಗುಡಿಸಲು ಬಂದವರು. ಮಕ್ಕಳ ಲಸಿಕೆಯ ನೀಲಿ ಪೆಟ್ಟಿಗೆ ಹೊರುವ ಕೆಲಸವೂ ಹೆಗಲಿಗೆ ಬಿತ್ತು. "ಆಗ ಯಾರೂ ಏನೂ ಕೇಳ್ತಿರಲಿಲ್ಲ. ಪೆಟ್ಟಿಗೆ ಕಂಡ್ರೆ ಮಕ್ಕಳು ಅಳ್ತಿದ್ವು, ಅಷ್ಟೇ. ಈಗ ದೊಡ್ಡೋರು ಬಾಗಿಲು ಹಾಕ್ಕೋತಾರೆ."

ಈ ಸಾಂಕ್ರಾಮಿಕ ರೋಗದ ಕಾಲದಲ್ಲಿ ಅದೇ ಪೆಟ್ಟಿಗೆ ದಿನವೂ ಮೂರು ಬೀದಿಯಾಚೆಯ ಶಾಲೆಗೆ ಹೋಗುತ್ತದೆ. ಪಾಠ ನಿಂತ ತರಗತಿಯಲ್ಲಿ ದೊಡ್ಡವರಿಗೆ ಲಸಿಕೆ. ಪೆಟ್ಟಿಗೆಯನ್ನು ಹೆಗಲಿಗೇರಿಸಿ ಅವರು ಹೊರಟರೆ ಹಾಲಿನವನು ಸೈಕಲ್ ನಿಲ್ಲಿಸಿಯೇ ಕೇಳುತ್ತಾನೆ.

"ಏನು ಪೆಟ್ಟಿಗೆಯಕ್ಕ, ಇವತ್ತು ಒಳಗಿರೋದು ಔಷಧಿನೋ, ಬರೀ ನೀರೋ?"

"ನಿನ್ನ ಕ್ಯಾನಲ್ಲಿ ಇರೋದೇ ಕಣಪ್ಪ."

ಅವನು ನಗುತ್ತಾನೆ, ಆದರೆ ಒಂದು ಹೆಜ್ಜೆ ಹಿಂದೆ ಸರಿದೇ ನಗುತ್ತಾನೆ. ನನ್ನ ಕಡೆಗೆ ತಿರುಗಿ, "ನೀವು ಯಾರ ಕಡೆಯವರು? ಕಂಪನಿಯವರಾ?" ಎನ್ನುತ್ತಾನೆ. ನಾನು ಪತ್ರಿಕೆಯವಳು ಎಂದರೆ, "ಎರಡೂ ಒಂದೇ ಬಿಡಿ."

ಈ ಬೀದಿಯಲ್ಲಿ ಎಲ್ಲರಿಗೂ ಎಲ್ಲರ ಮೇಲೆ ಕಣ್ಣು. ಲಸಿಕೆ ಹಾಕಿಸಿಕೊಂಡವರನ್ನು ಹಾಕಿಸಿಕೊಳ್ಳದವರು, ಹಾಕಿಸಿಕೊಳ್ಳದವರನ್ನು ಹಾಕಿಸಿಕೊಂಡವರು ಓರೆಗಣ್ಣಿನಲ್ಲಿ ನೋಡುತ್ತಾರೆ. ಯಾರಾದರೂ ಕೆಮ್ಮಿದರೆ ಕಿಟಕಿಗಳು ಮುಚ್ಚುತ್ತವೆ. ಒಬ್ಬ ತಜ್ಞರು ಹೇಳಿದ್ದನ್ನು ಇನ್ನೊಬ್ಬ ತಜ್ಞರು ಅಲ್ಲಗಳೆದ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಇದೆ. ಎಲ್ಲಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟ ಮಾತೊಂದಿದೆ: ಪೆಟ್ಟಿಗೆಯಕ್ಕ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಒಳಗೆ ಏನೋ ಬೆರೆಸುತ್ತಾರೆ.

"ಬಾಗಿಲು ಯಾಕೆ ಹಾಕ್ತೀರಿ?" ಎಂದು ನಾನೂ ಕೇಳಿದೆ.

"ಬೆಕ್ಕು ಬರುತ್ತೆ. ಬೆವರಿದ ಪ್ಯಾಕನ್ನೆಲ್ಲ ನೆಕ್ಕಿಬಿಡುತ್ತೆ." ನನ್ನ ಮುಖ ನೋಡಿದರು. "ನೋಡಿ, ನೀವೂ ನಂಬಲಿಲ್ಲ."

ನಂಬಿಕೆ ಕೆಟ್ಟ ದಿನದ ಕಥೆಯನ್ನು ಹೇಳಿದವರು ಅವರಲ್ಲ, ಲಸಿಕೆ ಹಾಕುವ ನರ್ಸ್. ಶಿಬಿರ ಶುರುವಾದ ಹೊಸತು. ಪೆಟ್ಟಿಗೆಯಕ್ಕ ತಾವೇ ಮೊದಲು ತೋಳು ಒಡ್ಡಿದ್ದರು. ಮರುದಿನ, ಹಲವರಿಗೆ ಬರುವಂತೆ, ಜ್ವರ ಬಂದು ಮನೆಯಲ್ಲೇ ಮಲಗಿದರು. ಅವರ ಬದಲಿಗೆ ಬಂದ ವಾಚ್‌ಮನ್, ತಂಪು ಹೆಚ್ಚಿದ್ದಷ್ಟೂ ಒಳ್ಳೆಯದೆಂದುಕೊಂಡು, ಫ್ರೀಜರಿನಿಂದ ತೆಗೆದ ಪ್ಯಾಕುಗಳನ್ನು ನೇರವಾಗಿ ಪೆಟ್ಟಿಗೆಗೆ ತುಂಬಿದ. ಶಾಲೆಯಲ್ಲಿ ನರ್ಸ್ ಮುಚ್ಚಳ ತೆಗೆದರೆ ಸೀಸೆಗಳೆಲ್ಲ ಕಲ್ಲಾಗಿದ್ದವು. ಪೆಟ್ಟಿಗೆ ಬಂದ ದಾರಿಯಲ್ಲೇ ವಾಪಸಾಯಿತು. ಸಾಲಿನಲ್ಲಿ ನಿಂತವರಿಗೆ ಕೇಂದ್ರದ ಡಾಕ್ಟರಮ್ಮ, "ಇವತ್ತು ಸ್ಟಾಕ್ ಬಂದಿಲ್ಲ, ನಾಳೆ ಬನ್ನಿ," ಎಂದುಬಿಟ್ಟರು.

ಸ್ಟಾಕ್ ಬಂದಿದ್ದನ್ನು ಸಾಲಿನಲ್ಲಿದ್ದವರೆಲ್ಲ ಕಣ್ಣಾರೆ ಕಂಡಿದ್ದರು. ಪೆಟ್ಟಿಗೆಯಕ್ಕನಿಗೆ ಜ್ವರವೆಂಬುದು ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ತಿಳಿಯಿತು. ಎರಡನ್ನೂ ಗಂಟು ಹಾಕಲು ಎಷ್ಟು ಹೊತ್ತು? ಹಾಕಿಸಿಕೊಂಡವಳು ಹಾಸಿಗೆ ಹಿಡಿದಳು, ಅದಕ್ಕೇ ಪೆಟ್ಟಿಗೆ ವಾಪಸ್ ಕಳಿಸಿದರು.

ಆ ಗಂಟು ಬಿಗಿದವರಲ್ಲಿ ಅವರ ಸ್ವಂತ ತಂಗಿಯೂ ಒಬ್ಬಳು. ಕೇಂದ್ರದ ಎದುರು ಮನೆಯ ಕಿಟಕಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಉಬ್ಬಸವಿರುವ ತಾಯಿ ಅವಳ ಜೊತೆಗೇ ಇರುವುದು. ರೋಗ ಈಗ ಪಕ್ಕದ ಮನೆಯವರೆಗೂ ಬಂದಿದೆ. ತಾಯಿಗೆ ಇನ್ನೂ ಲಸಿಕೆ ಆಗಿಲ್ಲ.

"ಅಕ್ಕನಿಗೆ ಜ್ವರದಲ್ಲಿ ತಣ್ಣೀರು ಬಟ್ಟೆ ಹಾಕಿದೋಳು ನಾನು," ಎನ್ನುತ್ತಾಳೆ ತಂಗಿ, ಯಂತ್ರ ನಿಲ್ಲಿಸದೆ. "ಪೆಟ್ಟಿಗೆ ಯಾಕೆ ವಾಪಸ್ ಬಂತೇ ಅಂತ ಕೇಳಿದ್ರೆ ಗೋಡೆ ಕಡೆ ತಿರುಗಿಕೊಂಡ್ಲು. ಅವಳು ಸುಳ್ಳು ಹೇಳೋಳಲ್ಲ. ಹೇಳಕ್ಕೆ ಆಗದಂಥದ್ದು ಏನೋ ಇದೆ. ಅಂಥದ್ದನ್ನ ನಮ್ಮಮ್ಮನ ತೋಳಿಗೆ ಚುಚ್ಚಿಸಲಾ?"

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತಾಯಿ ಉಸಿರು ಎಳೆದುಕೊಂಡು ಹೇಳುತ್ತಾರೆ: "ಇಬ್ಬರಿಗೂ ನಾನು ಬದುಕಬೇಕಂತೆ. ಅದಕ್ಕೇ ಮಾತು ಬಿಟ್ಟಿದ್ದಾರೆ."

ತಂಗಿಗಾದರೂ ನಿಜ ಹೇಳಬಹುದಿತ್ತಲ್ಲ ಎಂದರೆ ಪೆಟ್ಟಿಗೆಯಕ್ಕ ಪೆಟ್ಟಿಗೆಯ ಮುಚ್ಚಳ ಒರೆಸುತ್ತಾರೆ. "ಅವತ್ತೇ ಫೋನ್ ಮಾಡಿ ಎಲ್ಲ ಹೇಳಿ, ಹೊರಗೆ ಬಾಯಿ ಬಿಡಬೇಡ ಅಂದಿದ್ರು ಡಾಕ್ಟರಮ್ಮ. ಗುತ್ತಿಗೆ ಕೆಲಸ, ಬೇಡ ಅಂದ್ರೆ ನಾಳೆ ಬೇರೆಯವರು ಬರ್ತಾರೆ. ಈಗ ಹೇಳೋಣ ಅಂದ್ರೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅಂತಾಳೆ. ಅದಕ್ಕೆ ಏನು ಹೇಳಲಿ?" ಆಮೇಲೆ ದನಿ ತಗ್ಗಿಸಿ, "ಇಷ್ಟು ಸಣ್ಣದಕ್ಕೆ ಯಾಕೆ ಸುಳ್ಳು ಹೇಳಿದ್ರು ಅಂತ ನನಗೂ ಅರ್ಥ ಆಗಿಲ್ಲ. ಕೆಲವು ಸಲ ನನಗೂ ಅನ್ನಿಸುತ್ತೆ, ದೊಡ್ಡದು ಇನ್ನೇನಾದ್ರೂ ಇದ್ರೆ ನಮ್ಮಂಥವರಿಗೆ ಹೇಳ್ತಾರಾ?"

ಡಾಕ್ಟರಮ್ಮ ಜಾರಿಕೊಳ್ಳಲಿಲ್ಲ. "ಹೌದು, ನಾನೇ ಹೇಳಿದ್ದು. ಹೆಪ್ಪುಗಟ್ಟಿದೆ ಅಂದ್ರೆ ಜನ ಹೆದರಿ ಮತ್ತೆ ಬರಲ್ಲ ಅಂದ್ಕೊಂಡೆ. ಈಗ ನೋಡಿ, ಆದ್ರೂ ಬರ್ತಿಲ್ಲ. ಬರೀರಿ. ಮುಚ್ಚಿಟ್ಟು ಉಳಿಸಿಕೊಂಡಿದ್ದೇನು?"

ಈ ಮಾತನ್ನು ಪೆಟ್ಟಿಗೆಯಕ್ಕನಿಗೆ ಮುಟ್ಟಿಸಿದಾಗ ಅವರು ಶಾಲೆಯಿಂದ ಮರಳಿ ಪೆಟ್ಟಿಗೆ ತೊಳೆಯುತ್ತಿದ್ದಾರೆ. ಇಂದು ಅರ್ಧಕ್ಕಿಂತ ಹೆಚ್ಚು ಸೀಸೆಗಳು ಹಾಗೇ ವಾಪಸಾಗಿವೆ. ಖುಷಿಪಡುತ್ತಾರೆಂದುಕೊಂಡಿದ್ದೆ.

"ಪೇಪರಲ್ಲಿ ಬಂದ್ರೆ ನಂಬ್ತಾರಾ? ನಿಮಗೂ ದುಡ್ಡು ಕೊಟ್ಟಿದ್ದಾರೆ ಅಂತಾರೆ. ಹೇಳೋರ ಮಾತು ಕೇಳಿ ಕೇಳಿ ಜನಕ್ಕೆ ಸಾಕಾಗಿದೆ ಕಣಮ್ಮ."

ಪೆಟ್ಟಿಗೆಯನ್ನು ಬೋರಲು ಹಾಕಿ, ಒಳಗೆ ಹೋಗಿ, ಕರಗಿದ ಪ್ಯಾಕುಗಳನ್ನು ಒರೆಸಿ ಫ್ರೀಜರಿನಲ್ಲಿ ಜೋಡಿಸುತ್ತಾರೆ. ಕೋಣೆ ಗುಡಿಸುತ್ತಾರೆ. ಬಾಗಿಲಲ್ಲಿ ಕೂತ ಬೆಕ್ಕನ್ನು ಕಾಲಿನಿಂದ ಮೆಲ್ಲಗೆ ಸರಿಸುತ್ತಾರೆ. ಇನ್ನು ಬೀಗ ಹಾಕಿ ಹೊರಡುತ್ತಾರೆ ಎನ್ನುವಾಗ ಮತ್ತೆ ಒಳಗೆ ಹೋಗಿ, ಆ ಗಿಡ್ಡ ಕಾಲಿನ ಬೆಂಚನ್ನು ದರದರ ಎಳೆದುಕೊಂಡು ಬರುತ್ತಾರೆ.

"ಅಯ್ಯೋ, ಇದೇನು ಅಕ್ಕ, ಬೆಂಚು ಎತ್ತಲಾಗೆ?" ನರ್ಸ್ ಕೇಳುತ್ತಾರೆ.

"ಅದರಡಿಯೆಲ್ಲ ಕಸ ಕಣ್ರೀ ಸಿಸ್ಟರ್."

ಈಗಷ್ಟೇ ಗುಡಿಸಿದ್ದು ಇಬ್ಬರಿಗೂ ಗೊತ್ತಿದೆ. ಪಡಸಾಲೆ ದಾಟಿಸಿ, ಮೆಟ್ಟಿಲಿಳಿಸಿ, ಬೆಂಚನ್ನು ಮುಂದಿನ ಅಂಗಳಕ್ಕೆ ತರುತ್ತಾರೆ. ಕಾಂಪೌಂಡಿನ ಪಕ್ಕದ ಗೋಡೆಗೆ ಒರಗಿಸಿ ಇಡುತ್ತಾರೆ. ತಲೆಯೆತ್ತಿ, ಬೆಳಗಿನ ಬಿಸಿಲು ಬರುವ ಕಡೆ ನೋಡುತ್ತಾರೆ. ಬೆಂಚನ್ನು ಗೋಡೆಯ ನೆರಳು ಬೀಳುವ ಕಡೆಗೆ ಇನ್ನಷ್ಟು ಸರಿಸಿ, ಗಿಡ್ಡ ಕಾಲಿನಡಿ ಒಂದು ಇಟ್ಟಿಗೆಯ ಚೂರು ತೂರಿಸಿ, ಅಲುಗುವುದಿಲ್ಲವೆಂದು ಖಚಿತ ಮಾಡಿಕೊಳ್ಳುತ್ತಾರೆ.

ಆಮೇಲೆ ಅದರ ಮೇಲೆ ಒಮ್ಮೆ ಕೂರುತ್ತಾರೆ. ಅಲ್ಲಿಂದ ಗೇಟಿನ ಸರಳುಗಳ ನಡುವೆ ಎದುರು ಮನೆಯ ಕಿಟಕಿ ಪೂರ್ತಿ ಕಾಣುತ್ತದೆ: ಹೊಲಿಗೆ ಯಂತ್ರ, ಅದರ ಮೇಲೆ ಬಗ್ಗಿದ ತಲೆ, ಪಕ್ಕದ ಕುರ್ಚಿ.

ಎದ್ದು ಕೈ ಕೊಡವಿಕೊಂಡು, "ಬರ್ತೀನಿ ಸಿಸ್ಟರ್, ಬೆಳಿಗ್ಗೆ ಸ್ವಲ್ಪ ಬೇಗ ಬರ್ತೀನಿ, ಪ್ಯಾಕು ಇಲ್ಲೇ ಬೆವರಲಿ," ಎಂದಷ್ಟೇ ಹೇಳಿ ಅವರು ಗೇಟು ದಾಟುತ್ತಾರೆ.