ತಡವಾಗುವ ಕೈ

ಕಂಡಕ್ಟರಮ್ಮ ಬಸ್ಸು ಬಿಟ್ಟು ಹನ್ನೊಂದು ವರ್ಷವಾಗಿದ್ದರೂ ಹೆಸರು ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಮಂಡಿ ಸವೆದು, ಓಡುವ ಬಸ್ಸಿನಲ್ಲಿ ನಿಲ್ಲಲಾರದೆ, ಈ ಸೇವಾಸಂಸ್ಥೆಗೆ ನೆಲ ಒರೆಸಲು ಬಂದಿದ್ದಳು. ಬದುಕು ಸಾಕೆನಿಸಿದವರು ಫೋನು ಮಾಡುವ ಜಾಗ ಅದು. ಮೂರನೆಯ ಮಹಡಿಯಲ್ಲಿ ಒಂದು ಕೋಣೆ, ನಾಲ್ಕು ಮೇಜು, ನಾಲ್ಕು ಫೋನು. ಎಲ್ಲರೂ ಊಟಕ್ಕೆದ್ದಿದ್ದ ಒಂದು ಮಧ್ಯಾಹ್ನ ಫೋನು ಬಡಿದುಕೊಳ್ಳುವುದನ್ನು ತಾಳಲಾರದೆ ಎತ್ತಿಬಿಟ್ಟಳು. ನೂಕುನುಗ್ಗಲಿನಲ್ಲಿ ಯಾರು ಟಿಕೆಟ್ ತೆಗೆದುಕೊಂಡಿಲ್ಲ ಎಂದು ಮುಖ ನೋಡಿಯೇ ಹೇಳುತ್ತಿದ್ದವಳಿಗೆ ದನಿ ಕೇಳಿ ಮನಸ್ಸು ತಿಳಿಯುವುದು ಕಷ್ಟವಾಗಲಿಲ್ಲ. ಆಮೇಲೆ ತರಬೇತಿ ಕೊಟ್ಟು ಕುರ್ಚಿಯಲ್ಲೇ ಕೂರಿಸಿದರು.

ಆ ಕೋಣೆಗೆ ಆಟ ತಂದವಳೂ ಅವಳೇ. ಡ್ರೈವರ್ ತೂಕಡಿಸದಿರಲೆಂದು ಕೊನೆಯ ನಿಲ್ದಾಣದಲ್ಲಿ ಆಡುತ್ತಿದ್ದ ಆಟ. ಒಬ್ಬರು ಅಂಗೈ ಚಾಚಬೇಕು, ಇನ್ನೊಬ್ಬರು ಅದರ ಮೇಲೆ ಕೈ ಇಡಬೇಕು. ಕೆಳಗಿನ ಕೈ ಸರಕ್ಕನೆ ತಿರುಗಿ ಏಟು ಕೊಡುವಷ್ಟರಲ್ಲಿ ಮೇಲಿನದು ತಪ್ಪಿಸಿಕೊಳ್ಳಬೇಕು. ಭಾರವಾದ ಕರೆಯೊಂದು ಮುಗಿದರೆ ಪಕ್ಕದವರೊಡನೆ ಮೂರು ಸಲ ಆಡಿಯೇ ಮುಂದಿನ ಫೋನು ಎತ್ತಬೇಕು ಎಂಬುದು ಅವಳ ಕಾನೂನು. ಮೂರೂ ಸಲ ಏಟು ತಿಂದವರ ಮನಸ್ಸು ಇನ್ನೂ ಹಿಂದಿನ ಕರೆಯಲ್ಲೇ ಇದೆ ಎಂದರ್ಥ. ಅವರು ಫೋನು ಮುಟ್ಟದೆ ತಾರಸಿಗೆ ಹೋಗಿ ಗಾಳಿ ಕುಡಿದು ಬರಬೇಕು. ಅಲ್ಲೇ ಫೋನು ಎತ್ತುತ್ತಿದ್ದ ನಿವೃತ್ತ ಮೇಷ್ಟ್ರಂತೂ ಏಟು ಬಿದ್ದಾಗಲೆಲ್ಲ, ತಾವು ವರ್ಷಾನುಗಟ್ಟಲೆ ಮಕ್ಕಳಿಗೆ ಕೊಟ್ಟಿದ್ದೆಲ್ಲ ಈಗ ಬಡ್ಡಿ ಸಮೇತ ವಾಪಸು ಬರುತ್ತಿದೆ ಎಂದು ಗೊಣಗುತ್ತಿದ್ದರು.

ಒಂದು ದಿನ ಆ ಗೊಣಗಾಟಕ್ಕೆ ಕಂಡಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಕ್ಕದ ಮೇಜಿನ ಫೋನಿನಲ್ಲಿ ಅಳುತ್ತಿದ್ದವನಿಗೆ ಅದು ಕೇಳಿಸಿತು. ತನ್ನನ್ನೇ ನೋಡಿ ನಗುತ್ತಿದ್ದಾರೆಂದು ಅವನು ಫೋನು ಇಟ್ಟ. ವಾರದ ನಂತರ ಅವನಿಂದ ದೂರಿನ ಪತ್ರ ಬಂತು. ಹೊಸ ಮ್ಯಾನೇಜರ್ ಅದನ್ನು ಎಲ್ಲರೆದುರು ಓದಿ, ಇನ್ನು ಮೇಲೆ ಆಟಗೀಟ ಬೇಡ, ಇದು ಸಾವು ಬದುಕಿನ ಜಾಗ ಎಂದರು. ಅವರು ಕೆಟ್ಟವರಲ್ಲ, ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಕಂಡಕ್ಟರಮ್ಮ ತಲೆ ತಗ್ಗಿಸಿ ಒಪ್ಪಿದಳು. ಆ ನಗು ತನ್ನದಲ್ಲವೇ?

ಮೂರು ವಾರ ಕೋಣೆ ಗಪ್‌ಚಿಪ್ ಇತ್ತು. ನಾಲ್ಕನೆಯ ವಾರದ ಒಂದು ಮಧ್ಯಾಹ್ನ ಒಬ್ಬ ದರ್ಜಿ ಫೋನು ಮಾಡಿದ. ಅಂಗಡಿಯ ಷಟರ್ ಎಳೆದುಕೊಂಡು ಒಳಗೆ ಕತ್ತಲಲ್ಲಿ ಕೂತಿದ್ದ. ಮುಕ್ಕಾಲು ಗಂಟೆ ಪುಸಲಾಯಿಸಿದ ಮೇಲೆ ಷಟರ್ ಎತ್ತಲು ಒಪ್ಪಿದ. "ಆಗ್ಲಿ," ಅಂದ. ಅಷ್ಟರಲ್ಲಿ ಲೈನು ಕಟ್ಟಾಯಿತು. ಮಾಡಿದವರ ಗುಟ್ಟು ಉಳಿಯಲೆಂದು ಈ ಫೋನುಗಳಲ್ಲಿ ಅವರ ನಂಬರ್ ಕಾಣದಂತೆ ಮಾಡಿದ್ದರು, ಈ ಕಡೆಯಿಂದ ಮತ್ತೆ ಮಾಡುವ ಹಾಗಿರಲಿಲ್ಲ. ಕಾಯುವುದೊಂದೇ ದಾರಿ. ಅವಳ ಕೈ ತಾನಾಗಿ ಮೇಷ್ಟ್ರ ಕಡೆ ಚಾಚಿ, ಅರ್ಧದಲ್ಲೇ ನಿಂತಿತು. ಫೋನು ಮತ್ತೆ ಬಡಿದುಕೊಂಡಿತು. ಎತ್ತಿದಳು.

ಈ ಸಲ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದ ಹುಡುಗಿ. ಇವತ್ತೇ ಎಲ್ಲ ಮುಗಿಸುತ್ತೇನೆ ಎಂದು ತಣ್ಣಗೆ ಹೇಳಿದಳು. ಹತ್ತು ನಿಮಿಷ ಮಾತಾಡಿ, ಒಮ್ಮೆ ಉಸಿರೆಳೆದುಕೊಂಡು ಸುಮ್ಮನಾದಳು. ಕಂಡಕ್ಟರಮ್ಮ ಅಕ್ಕರೆಯಿಂದಲೇ ಕೇಳಿದಳು:

"ಷಟರ್ ಎತ್ತಿದ್ರಾ?"

"ಯಾವ ಷಟರ್?"

ದರ್ಜಿಯನ್ನು ಕೇಳಬೇಕಾದ್ದನ್ನು ಇವಳಿಗೆ ಕೇಳಿದೆನೆಂದು ಕಂಡಕ್ಟರಮ್ಮನಿಗೆ ಆಗ ಹೊಳೆಯಿತು.

"ನೀವೂ ಕೇಳಿಸ್ಕೊಳ್ತಿರ್ಲಿಲ್ಲ ಅಲ್ವಾ," ಎಂದಳು ಹುಡುಗಿ. ಆಮೇಲೆ ಆ ಕಡೆ ಫ್ಯಾನು ತಿರುಗುವ ಸದ್ದಷ್ಟೇ ಕೇಳಿಸುತ್ತಿತ್ತು. ಮೇಷ್ಟ್ರು ಎದ್ದು ನಿಂತರು. ಮ್ಯಾನೇಜರ್ ಬಾಗಿಲಿಗೆ ಬಂದರು. ತರಬೇತಿಯಲ್ಲಿ ಕಲಿಸಿದ ಒಂದು ಮಾತೂ ಕಂಡಕ್ಟರಮ್ಮನ ನೆನಪಿಗೆ ಬರಲಿಲ್ಲ. ಇಷ್ಟು ಭಯ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

"ತಪ್ಪಾಯ್ತು ಮಗಳೇ," ಎಂದಳು. "ನಿನಗಿಂತ ಮುಂಚೆ ಇನ್ನೊಬ್ರು ಮಾಡಿದ್ರು. ಮಾತಿನ ಮಧ್ಯೆ ಲೈನು ಕಟ್ಟಾಯ್ತು. ಏನಾದ್ರೋ ಗೊತ್ತಿಲ್ಲ. ನನ್ನ ಜೀವ ಅಲ್ಲೇ ಸಿಕ್ಕಾಕ್ಕೊಂಡಿದೆ."

ಫ್ಯಾನು ತಿರುಗುತ್ತಲೇ ಇತ್ತು. ಕೊನೆಗೆ ಹುಡುಗಿ ಕೇಳಿದಳು, "ಅವ್ರು ಇದ್ದಾರಾ?"

"ಗೊತ್ತಿಲ್ಲ ಕಣಮ್ಮ. ನೀನಂತೂ ಇದೀಯ. ಫೋನ್ ಇಡ್ಬೇಡ."

ಅವಳು ಇಡಲಿಲ್ಲ. ಇನ್ನೂ ಒಂದು ಗಂಟೆ ಹಿಡಿಯಿತು. ಎರಡು ಬೀದಿ ಆಚೆ ಇದ್ದ ಚಿಕ್ಕಮ್ಮನ ನಂಬರ್ ಕೊಟ್ಟಳು. ಮೇಷ್ಟ್ರು ಅವರಿಗೆ ಫೋನು ಮಾಡಿದರು. ಚಿಕ್ಕಮ್ಮ ಏದುಸಿರು ಬಿಡುತ್ತ ಬಂದು ಬಾಗಿಲು ತಟ್ಟುವುದು ಈ ಕಡೆಗೂ ಕೇಳಿಸಿತು.

ಕಂಡಕ್ಟರಮ್ಮ ಫೋನು ಇಟ್ಟು ಮ್ಯಾನೇಜರ್ ಮುಂದೆ ನಿಂತಳು. ಬೆವರಿಗೆ ಸೀರೆ ಬೆನ್ನಿಗೆ ಅಂಟಿತ್ತು.

"ಈ ಸಲ ಹೇಗೋ ದಾಟ್ತು ಸಾರ್. ಆಟ ಇದ್ದಿದ್ರೆ ನನ್ನ ಕೈ ತಡ ಆಗೋದು, ಮೇಷ್ಟ್ರು ನನ್ನನ್ನ ತಾರಸಿಗೆ ಕಳಿಸ್ತಿದ್ರು, ಆ ಫೋನ್ ಬೇರೆಯವ್ರು ಎತ್ತೋರು. ಆಟ ಇಲ್ದಿದ್ರೆ ನಾನು ನಾಳೆಯಿಂದ ಫೋನ್ ಎತ್ತಲ್ಲ. ನೆಲ ಒರೆಸ್ಕೊಂಡಿರ್ತೀನಿ."

ಮ್ಯಾನೇಜರ್ ಸಿಟ್ಟಾಗಲಿಲ್ಲ. ನಗು ಕೇಳಿ ಫೋನು ಇಟ್ಟವನಿಗೆ ಏನು ಹೇಳಲಿ ಎಂದಷ್ಟೇ ಕೇಳಿದರು.  ಆಮೇಲೆ ತಾವೇ, ಹಳೆಯ ಕಡತ ತುಂಬಿದ್ದ ಪಕ್ಕದ ಕೋಣೆ ಖಾಲಿ ಮಾಡಿಸುತ್ತೇನೆ, ಅಲ್ಲಿ ಬಾಗಿಲು ಹಾಕಿಕೊಂಡು ಆಡಿ ಎಂದರು. ಸಂಜೆಯೊಳಗೆ ಕಡತವೆಲ್ಲ ಮ್ಯಾನೇಜರ್ ಕೋಣೆಗೇ ಹೋಯಿತು. ಮೊದಲ ಆಟಕ್ಕೆ ಮೇಷ್ಟ್ರು ಅವರನ್ನೇ ಕರೆದರು. ಪಾಪ, ಮೂರು ಏಟೂ ತಿಂದರು. ಆ ಒಂದು ಗಂಟೆ ಬಾಗಿಲಲ್ಲಿ ನಿಂತು ಕೇಳಿದ್ದು ಅವರ ತಲೆಯಿಂದಲೂ ಇಳಿದಿರಲಿಲ್ಲ.

ದರ್ಜಿಯ ಫೋನು ಬರಲಿಲ್ಲ. ಕಂಡಕ್ಟರಮ್ಮನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಅದೇ ಹೊತ್ತಿಗೆ ಆ ಹುಡುಗಿ ಫೋನು ಮಾಡಿದಳು. ತನ್ನ ವಿಷಯ ಒಂದೂ ಎತ್ತಲಿಲ್ಲ.

"ಅವ್ರು ಮತ್ತೆ ಮಾಡಿದ್ರಾ?"

"ಇನ್ನೂ ಇಲ್ಲ ಮಗಳೇ."

"ಹಾಗಾದ್ರೆ ನಾಳೆ ಮಾಡಿ ಕೇಳ್ತೀನಿ," ಎಂದಳು ಹುಡುಗಿ.